ಹೆಲಿಕಾಪ್ಟರ್ ಹುಕ್ಕನ್ನು ಮೊದಲು ನೀರಿಗೆ ಯಾಕೆ ಮುಟ್ಟಿಸುತ್ತಾರೆ?

ಬಿಸಿಲೂರಿನವ, ಕಲಬುರಗಿ

ನಮಸ್ಕಾರ ರೀ ಎಲ್ಲರಿಗೂ. ಕಲಬುರಗಿಯವನಿಗೆ ಸಮುದ್ರದ ಉಸಾಬರಿ ಯಾಕೆ ಅಂತ ನಗಬೇಡಿ. ಪ್ರಶ್ನೆ ಶುರುವಾಗೋದು ಮಂಗಳೂರಲ್ಲಿ, ಕೊನೆಗೆ ನಮ್ಮ ಭೀಮೆಗೇ ಬರುತ್ತದೆ.

ಹೋದ ತಿಂಗಳು ಮಂಗಳೂರಿಗೆ ಹೋಗಿದ್ದೆ. ಹೆಂಡತಿಯ ತಮ್ಮ ಅಲ್ಲೇ ಬಂದರಿನ ಹತ್ತಿರ ಕೆಲಸ ಮಾಡುತ್ತಾನೆ. "ಮಾಮಾ, ನಾಳೆ ಕೋಸ್ಟ್ ಗಾರ್ಡ್‌ನವರದು ಪ್ರಾಕ್ಟೀಸ್ ಐತಿ, ಬೋಟ್‌ನಿಂದ ನೋಡೋಣ" ಅಂದ. ಹೋದೆವು. ಮೊದಲ ಅರ್ಧ ಗಂಟೆ ನಾನು ವಾಂತಿ ಮಾಡಿಕೊಂಡೇ ಕಳೆದೆ, ಅದನ್ನು ಬಿಡಿ.

ಒಬ್ಬ ಲೈಫ್ ಜಾಕೆಟ್ ಹಾಕಿಕೊಂಡು ನೀರಿಗೆ ಹಾರಿದ. ಅವನ ಪಕ್ಕ ಕಿತ್ತಳೆ ಬಣ್ಣದ ಹೊಗೆ ಎದ್ದಿತು. ಹೆಲಿಕಾಪ್ಟರ್ ಬಂತು. ನೇರ ಅವನ ತಲೆ ಮೇಲೆ ಬಂದು ಎತ್ತಿಕೊಂಡು ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಒಂದು ಸುತ್ತು ಹಾಕಿತು, ಹಿಂದಿನಿಂದ ನಿಧಾನಕ್ಕೆ ಬಂತು, ಹುಕ್ಕು ಇಳಿಸಿತು, ಆ ಹುಕ್ಕನ್ನು ಅವನ ಕೈಗೆ ಕೊಡೋದು ಬಿಟ್ಟು ದೂರದಲ್ಲಿ ನೀರಿಗೆ ಮುಟ್ಟಿಸಿ ಆಮೇಲೆ ಅವನ ಹತ್ತಿರ ತಂದರು. ಅವನೂ ಅಷ್ಟು ಹೊತ್ತು ಕೈ ಚಾಚದೆ ಸುಮ್ನೆ ತೇಲುತ್ತಿದ್ದ. ಮೊಬೈಲ್‌ನಲ್ಲಿ ನೋಡಿದೆ, ಒಟ್ಟು 11 ನಿಮಿಷ. ನಿಜವಾಗಿ ಮುಳುಗುವವನಾಗಿದ್ದರೆ ಇಷ್ಟರಲ್ಲಿ ಅವನ ಕಥೆ ಮುಗಿಯುತ್ತಿರಲಿಲ್ಲವಾ?

ಕೇಳೋದು ಯಾಕೆಂದರೆ, ನನ್ನ ಅಕ್ಕನ ಮನೆ ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಗೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಿಂದ ನೀರು ಬಿಟ್ಟಾಗ ಒಂದು ರಾತ್ರಿ ಪೂರ್ತಿ ಮಾಳಿಗೆ ಮೇಲೆ ಕೂತಿದ್ದರು. ನಾಳೆ ಹಾಗೆ ಕೂತಾಗ ತಲೆ ಮೇಲೆ ಹೆಲಿಕಾಪ್ಟರ್ ಬಂದರೆ ಏನು ಮಾಡಬೇಕು, ಏನು ಮಾಡಬಾರದು? ಗೊತ್ತಿದ್ದವರು ಹೇಳಿ.

ಕೋಟೆ ಕಡೆಯವ, ಬೀದರ್

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ರಿಪೇರಿ ವಿಭಾಗದಲ್ಲಿದ್ದವನು, ಈಗ ನಿವೃತ್ತ. ಬೀದರ್‌ನಲ್ಲಿ ದಿನಾ ಬೆಳಗ್ಗೆ ಹಾಕ್ ವಿಮಾನಗಳ ಸದ್ದಿಗೇ ಏಳುತ್ತೇವೆ, ಸೂರ್ಯಕಿರಣ್ ತಂಡವೂ ಇಲ್ಲಿಯದೇ. ಆದರೆ ಜೆಟ್ ಬೇರೆ, ಹೆಲಿಕಾಪ್ಟರ್ ಬೇರೆ.

ಹುಕ್ಕಿನ ವಿಷಯ ಮೊದಲು. ಮೇಲೆ ತಿರುಗುವ ರೆಕ್ಕೆ, ಅಂದರೆ ರೋಟರ್, ಗಾಳಿಗೆ, ಧೂಳಿಗೆ, ನೀರಿನ ಹನಿಗೆ ಉಜ್ಜಿ ಉಜ್ಜಿ ಹೆಲಿಕಾಪ್ಟರ್ ಮೈಯಲ್ಲಿ ಕರೆಂಟು ಸೇರಿಕೊಳ್ಳುತ್ತದೆ. ನಮ್ಮ ಬೀದರ್ ಚಳಿಯಲ್ಲಿ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದೇ ಜಾತಿ, ಆದರೆ ಭಾಳ ದೊಡ್ಡದು. ಆ ಕರೆಂಟು ಇಳಿದು ಹೋಗಲು ದಾರಿ ಅಂದರೆ ಕೆಳಗೆ ಬಿಟ್ಟ ಉಕ್ಕಿನ ಹಗ್ಗವೇ. ಮೊದಲು ಮುಟ್ಟಿದ್ದಕ್ಕೆ ಹೊಡೆತ. ಅದಕ್ಕೇ ನೀರಿಗೋ ನೆಲಕ್ಕೋ ಮುಟ್ಟಿಸಿ ಆಮೇಲೆ ಮನುಷ್ಯನ ಹತ್ತಿರ ತರುತ್ತಾರೆ. ನೀವು ನೋಡಿದವನು ಕೈ ಚಾಚಲಿಲ್ಲ ಅಂದರೆ ಪಾಠ ಸರಿಯಾಗಿ ಕಲಿತಿದ್ದಾನೆ ಅಂತ ಅರ್ಥ.

ಇನ್ನು ತಡ. ಪೈಲಟ್‌ಗೆ ತನ್ನ ಹೊಟ್ಟೆ ಕೆಳಗೆ ಏನಿದೆ ಅಂತ ಕಾಣುವುದಿಲ್ಲ ಸರ್! ಬಾಗಿಲಲ್ಲಿ ಬಗ್ಗಿ ನಿಂತವನು ವಿಂಚ್ ಆಪರೇಟರ್, ಅಂದರೆ ಹಗ್ಗ ಇಳಿಸಿ ಎತ್ತುವ ಯಂತ್ರ ನಡೆಸುವವನು. ಅವನು ಮೈಕಿನಲ್ಲಿ "ಮುಂದೆ, ಇನ್ನೂ ಸ್ವಲ್ಪ, ಬಲಕ್ಕೆ, ನಿಲ್ಲು" ಅಂತ ಹೇಳುತ್ತಾ ಹೋಗುತ್ತಾನೆ, ಪೈಲಟ್ ಅವನ ಕಣ್ಣಲ್ಲಿ ಹಾರಿಸುತ್ತಾನೆ. ನೆಲದ ಮೇಲಾದರೆ ಒಂದು ಮರ, ಒಂದು ಕಂಬ ನೋಡಿ ನಿಂತಲ್ಲೇ ನಿಲ್ಲಬಹುದು. ಸಮುದ್ರದಲ್ಲಿ ನೋಡಲು ಏನಿದೆ, ಇರುವ ಅಲೆಗಳೂ ಅಲ್ಲಾಡುತ್ತವೆ, ಅದರ ಮೇಲೆ ರೋಟರ್ ಗಾಳಿಗೆ ನೀರು ಸುತ್ತಲೂ ಸರಿಯುತ್ತದೆ, ನಾವೇ ಸರಿಯುತ್ತಿದ್ದೇವೆ ಅನ್ನಿಸಿಬಿಡುತ್ತದೆ. ಗಾಳಿಗೆ ಮುಖ ಮಾಡಿ ನಿಂತರೆ ಎಂಜಿನ್ ಮೇಲೆ ಭಾರ ಕಡಿಮೆ, ಅದಕ್ಕೇ ಆ ಸುತ್ತು. ಕಿತ್ತಳೆ ಹೊಗೆ ಜಾಗ ತೋರಿಸಲು ಮಾತ್ರ ಅಲ್ಲ, ಗಾಳಿ ಎತ್ತ ಕಡೆ ಅಂತ ಪೈಲಟ್‌ಗೆ ಹೇಳಲು ಕೂಡ.

ಭೀಮಾ ದಂಡೆ, ಯಾದಗಿರಿ

ಬೀದರ್ ಸರ್ ಹೇಳಿದ್ದು ಒಪ್ಪಿದೆ. ಆದರೆ ನನಗೆ ಒಂದು ಸಿಟ್ಟಿದೆ. ಪೇಪರ್‌ನಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಹೆಲಿಕಾಪ್ಟರ್ ಹೆಲಿಕಾಪ್ಟರ್ ಅನ್ನುತ್ತಾರೆ. ನಮ್ಮ ಕಡೆ ಹೊಳೆ ಬಂದಾಗ ಜಾಸ್ತಿ ಜನರನ್ನು ದಂಡೆಗೆ ತಂದದ್ದು ರಬ್ಬರ್ ಬೋಟು, ಅದಕ್ಕೂ ಮುಂಚೆ ಹರಿಗೋಲು. ಹಿಂದಿನವರು ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿಕೊಂಡು ಕೃಷ್ಣೆ ದಾಟುತ್ತಿದ್ದರು. ಸುರಪುರ ಕಡೆ ನೀಲಕಂಠರಾಯನಗಡ್ಡಿಯವರನ್ನು ಕೇಳಿ, ನಾರಾಯಣಪುರ ಡ್ಯಾಮಿನಿಂದ ನೀರು ಬಿಟ್ಟರೆ ಅವರಿಗೆ ಹೊರಗಿನ ಸಂಬಂಧವೇ ಕಡಿದುಹೋಗುತ್ತದೆ. ಅಲ್ಲಿ ದಿನಾ ಹೆಲಿಕಾಪ್ಟರ್ ಬರುತ್ತದಾ?

ಇನ್ನೊಂದು. 2020ರಲ್ಲಿ ಪ್ರವಾಹ ನೋಡಲು ಹೆಲಿಕಾಪ್ಟರ್ ಮೇಲೆ ಹೋದಾಗ ನಮ್ಮ ಓಣಿಯ ಮಕ್ಕಳೆಲ್ಲ ಟಾಟಾ ಮಾಡಿದರು. ಅದು ಹಾಗೇ ಹೋಯಿತು. ಪ್ರಶ್ನೆ ಕೇಳಿದವರ ಅಕ್ಕನ ಮಾಳಿಗೆ ಮೇಲೆ ಖಂಡಿತ ತೊಗರಿ ಕಟ್ಟಿಗೆ ಒಟ್ಟಿರುತ್ತಾರೆ, ನಾಲ್ಕು ತಗಡು ಇರುತ್ತದೆ. ಆ ಗಾಳಿಗೆ ಅದೇನಾಗುತ್ತದೆ ಅಂತ ಯೋಚಿಸಿದ್ದೀರಾ?

ಕೋಟೆ ಕಡೆಯವ, ಬೀದರ್

ಬೋಟ್ ಹೋಗುವ ಕಡೆ ಬೋಟೇ ಸರಿ, ಜಗಳವೇ ಇಲ್ಲ. ಸೆಳೆತ ಜೋರಿದ್ದು ಬೋಟ್ ನಿಲ್ಲದ ಕಡೆ ಹೆಲಿಕಾಪ್ಟರ್. 2019ರ ಆಗಸ್ಟ್‌ನಲ್ಲಿ ಗಂಗಾವತಿ ಹತ್ತಿರದ ವಿರೂಪಾಪುರಗಡ್ಡಿಯಲ್ಲಿ ತುಂಗಭದ್ರೆ ಸುತ್ತುವರಿದು ಪ್ರವಾಸಿಗರು ಸಿಕ್ಕಿಹಾಕಿಕೊಂಡಾಗ ಎರಡನ್ನೂ ಬಳಸಿದರು.

ಫೋಟೋಕ್ಕೆ ಮಾಡುತ್ತಾರೆ ಅನ್ನಬೇಡಿ ಮಾತ್ರ. 2024ರ ಸೆಪ್ಟೆಂಬರ್‌ನಲ್ಲಿ ಟ್ಯಾಂಕರ್ ಹಡಗಿನಲ್ಲಿ ಗಾಯಗೊಂಡವನನ್ನು ತರಲು ರಾತ್ರಿ ಹೋದ ಕೋಸ್ಟ್ ಗಾರ್ಡ್‌ನ ಧ್ರುವ್ ಹೆಲಿಕಾಪ್ಟರ್ ಪೋರಬಂದರ್ ಆಚೆ ಸಮುದ್ರಕ್ಕೇ ಬಿತ್ತು. ನಾಲ್ಕು ತಿಂಗಳಿಗೆ, 2025ರ ಜನವರಿಯಲ್ಲಿ, ಅದೇ ಊರಲ್ಲಿ ಇನ್ನೊಂದು ಧ್ರುವ್ ಬಿದ್ದು ಮೂವರು ಹೋದರು. ಆಮೇಲೆ ಕೆಲವು ತಿಂಗಳು ಧ್ರುವ್‌ಗಳ ಹಾರಾಟವನ್ನೇ ನಿಲ್ಲಿಸಿದ್ದರು. ಅದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನದೇ ಯಂತ್ರ. ನಾನು ಅಂಥ ಯಂತ್ರದ ಬೋಲ್ಟ್ ಬಿಗಿ ಮಾಡಿದವನು, ಸುದ್ದಿ ಕೇಳಿದ ದಿನ ಊಟ ಸೇರಲಿಲ್ಲ.

ಹಡಗಿನಲ್ಲಿ ಹದಿನೈದು ವರ್ಷ, ಶಹಾಪುರ

ಮರ್ಚೆಂಟ್ ಹಡಗಿನಲ್ಲಿದ್ದೆ. ಈ ತರಬೇತಿ ನಾವೂ ಮಾಡಿದ್ದೇವೆ. ನನ್ನನ್ನು ಎರಡು ಸಲ ಎತ್ತಿದ್ದಾರೆ, ಎರಡೂ ಸಲ ಕಣ್ಣು ಮುಚ್ಚಿಕೊಂಡಿದ್ದೆ, ಹಾಗಾಗಿ ಮೇಲಿನಿಂದ ಸಮುದ್ರ ಹೇಗೆ ಕಾಣುತ್ತದೆ ಅಂತ ಕೇಳಬೇಡಿ.

ಬೆಲ್ಟ್ ಬರುತ್ತದೆ, ದಪ್ಪ ಕೊರಳಪಟ್ಟಿಯ ಹಾಗೆ. ತಲೆ ಮೇಲಿನಿಂದ ಹಾಕಿಕೊಂಡು ಎರಡೂ ಕಂಕುಳ ಕೆಳಗೆ ತರಬೇಕು. ಆಮೇಲೆ ಕೈ ಕೆಳಗೆ, ಮೈಗೆ ಒತ್ತಿ. ಎಷ್ಟೇ ಹೆದರಿಕೆಯಾದರೂ ಕೈ ಮೇಲೆತ್ತಬಾರದು, ಎತ್ತಿದರೆ ಬೆಲ್ಟಿನಿಂದ ಜಾರಿ ಬೀಳುತ್ತೀರಿ. ಹಗ್ಗ ಹಿಡಿದುಕೊಳ್ಳಬೇಕು ಅನ್ನಿಸುವುದು ಸಹಜ, ಅದೇ ತಪ್ಪು. ಮೇಲೆ ಬಾಗಿಲ ಹತ್ತಿರ ಬಂದಾಗಲೂ ಏನನ್ನೂ ಹಿಡಿಯಬೇಡಿ, ಒಳಗಿನವನು ನಿಮ್ಮ ಬೆನ್ನು ತಿರುಗಿಸಿ ಜೋಳದ ಚೀಲದ ಹಾಗೆ ಒಳಗೆ ಎಳೆದುಕೊಳ್ಳುತ್ತಾನೆ. ನಾನು ಮೊದಲ ಸಲ ಬಾಗಿಲ ಅಂಚು ಹಿಡಿದುಕೊಂಡಿದ್ದಕ್ಕೆ ಬೈಸಿಕೊಂಡೆ. ಯಾವ ಭಾಷೆಯಲ್ಲಿ ಬೈದ ಅಂತ ಆ ಸದ್ದಿನಲ್ಲಿ ಗೊತ್ತಾಗಲಿಲ್ಲ, ಮುಖ ನೋಡಿದರೆ ಸಾಕಿತ್ತು.

ಎಲ್ಲಕ್ಕಿಂತ ದೊಡ್ಡದು, ಮೇಲಿನಿಂದ ಬಂದ ಹಗ್ಗವನ್ನು ಯಾವುದಕ್ಕೂ ಕಟ್ಟಬೇಡಿ. ಬೋಟಿಗೂ ಬೇಡ, ಮನೆ ಕಂಬಕ್ಕೂ ಬೇಡ. ನಮ್ಮ ಜನಕ್ಕೆ ಹಗ್ಗ ಸಿಕ್ಕರೆ ಎತ್ತು ಕಟ್ಟಿದ ಹಾಗೆ ಗೂಟಕ್ಕೆ ಸುತ್ತುವ ಚಟ. ಕಟ್ಟಿದರೆ ಹೆಲಿಕಾಪ್ಟರ್‌ನ್ನೇ ಕಟ್ಟಿಹಾಕಿದಂತೆ, ಒಂದು ಗಾಳಿ ಬೀಸಿದರೆ ಎಲ್ಲರಿಗೂ ಅಪಾಯ. ಹಗ್ಗ ಸಿಕ್ಕಿಕೊಂಡರೆ ಮೇಲಿನಿಂದಲೇ ಕತ್ತರಿಸಿಬಿಡುವ ವ್ಯವಸ್ಥೆ ಇರುತ್ತದೆ, ಕತ್ತರಿಸಿದ ಮೇಲೆ ನಿಮ್ಮ ಗತಿ ಏನು?

ಟಾಟಾ ಮಾಡಿದ ಮಕ್ಕಳಿಗೂ ಹೇಳಿ. ಎರಡೂ ಕೈ ಮೇಲಕ್ಕೆ, ಓರೆಯಾಗಿ, ಇಂಗ್ಲಿಷಿನ ವೈ ಅಕ್ಷರದ ಹಾಗೆ ನಿಂತರೆ "ನೆರವು ಬೇಕು" ಅಂತ. ಒಂದು ಕೈ ಮೇಲೆ, ಇನ್ನೊಂದು ಕೆಳಗೆ ಇದ್ದರೆ "ಬೇಡ". ಒಂದೇ ಕೈ ಎತ್ತಿ ಟಾಟಾ ಮಾಡಿದರೆ ಆರಾಮಿದ್ದಾರೆ ಅಂತ ಮುಂದೆ ಹೋಗಿಬಿಡಬಹುದು, ಅಲ್ವಾ. ರಾತ್ರಿ ಬ್ಯಾಟರಿ ಬೆಳಕನ್ನು ನೆಲಕ್ಕೆ ಬಿಡಿ, ಪೈಲಟ್ ಮುಖಕ್ಕೆ ಬೇಡ. ಕರಾವಳಿಯಲ್ಲಿ ಯಾರಾದರೂ ಕಷ್ಟದಲ್ಲಿದ್ದರೆ ಕೋಸ್ಟ್ ಗಾರ್ಡ್ ನಂಬರ್ 1554.

ಬಿಸಿಲೂರಿನವ, ಕಲಬುರಗಿ

ಎಲ್ಲರಿಗೂ ಶರಣು. ಆ 11 ನಿಮಿಷದ ಮಾತು ವಾಪಸ್ ತೊಗೊಂಡೆ. ಒಂದು ಹೇಳೋದು ಮರೆತಿದ್ದೆ, ನಾವು ಕೂತಿದ್ದ ಬೋಟಿನವನು "ಇನ್ನೂ ಹತ್ತಿರ ಹೋಗೋಣ" ಅಂತ ಬೇಡ ಅಂದರೂ ಮುಂದೆ ಒಯ್ದ. ಹೆಲಿಕಾಪ್ಟರ್ ನಮ್ಮ ಕಡೆ ತಿರುಗಿದ್ದೇ ತಡ, ಉಪ್ಪುನೀರು ಮುಖಕ್ಕೆ ಕಲ್ಲು ಎಸೆದ ಹಾಗೆ ಬಡಿಯಿತು, ಮೇಲೆ ಹಾಸಿದ್ದ ತಾಡಪತ್ರಿ ಕಿತ್ತುಕೊಂಡು ಹೋಯಿತು, ನನ್ನ ಟೋಪಿ ಈಗ ಅರಬ್ಬೀ ಸಮುದ್ರದಲ್ಲಿದೆ. ಅಷ್ಟು ದೂರದಲ್ಲಿ ಹೀಗಾದರೆ ಮಾಳಿಗೆ ಮೇಲಿನ ತೊಗರಿ ಕಟ್ಟಿಗೆ ಈಟಿಯ ಹಾಗೇ ಹಾರುತ್ತದೆ.

ನಿನ್ನೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೊಳೆ ಬರುವ ಸುದ್ದಿ ಬಂದರೆ ಮೊದಲು ತಗಡು, ಕಟ್ಟಿಗೆ ಕೆಳಗಿಳಿಸು ಅಂದೆ. "ಕೆಳಗ ನೀರು ಬಂದಿರ್ತದ, ಅದಕ್ಕೇ ಅಲ್ಲೇನು ಕಟ್ಟಿಗಿ ಮ್ಯಾಲ ಒಟ್ಟೋದು?" ಅಂದಳು. ಇದಕ್ಕೆ ಉತ್ತರ ಇದ್ದವರು ಹೇಳಿ.

ಭೀಮಾ ದಂಡೆ, ಯಾದಗಿರಿ

ಅಕ್ಕನ ಮಾತು ಸರಿ ಐತಿ. ನಾವು ಮಾಡೋದು ಹೇಳುತ್ತೇನೆ. ಕಟ್ಟಿಗೆ ಮೇಲೆ ಹಳೆ ಮೀನಿನ ಬಲೆ ಹೊದಿಸಿ ನಾಲ್ಕೂ ಮೂಲೆ ಬಿಗಿದು ಕಟ್ಟುತ್ತೇವೆ, ಬೇಸಿಗೆ ಗಾಳಿಗೂ ಹಾರುವುದಿಲ್ಲ. ಹೆಲಿಕಾಪ್ಟರ್ ಗಾಳಿಗೆ ತಡೆಯುತ್ತದೋ ಇಲ್ಲವೋ ಬೀದರ್ ಸರ್ ಹೇಳಬೇಕು.

ಕೋಟೆ ಕಡೆಯವ, ಬೀದರ್

ಬಲೆ ಬೇಡ. ಬಿಚ್ಚಿಕೊಂಡು ಮೇಲೆ ಹಾರಿ ರೋಟರ್‌ಗೆ ಸುತ್ತಿಕೊಂಡರೆ ಮುಗೀತು. ಕಟ್ಟಿಗೆಯನ್ನೇ ಸಣ್ಣ ಸಣ್ಣ ಹೊರೆ ಮಾಡಿ ಹಗ್ಗದಿಂದ ಬಿಗಿಯಿರಿ, ತಗಡಿನ ಮೇಲೆ ಶಹಾಬಾದ್ ಕಲ್ಲು ಹೇರಿ. ಮತ್ತೆ ಜನ ಕೂರುವ ಮೂಲೆಯಲ್ಲಿ ಇವು ಯಾವುದೂ ಬೇಡ.