ಸಹಾಯ ಬೇಕು: ವ್ಯೂವರ್ ಪ್ಯಾಕೇಜನ್ನು ಸ್ಥಳೀಯವಾಗಿ ಪರೀಕ್ಷಿಸುವಾಗ ವರ್ಕರ್ ಫೈಲಿನ ತೊಡಕು

ಎಲ್ಲರಿಗೂ ನಮಸ್ಕಾರ. ಪಿಡಿಎಫ್ ತೋರಿಸುವ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ವ್ಯೂವರ್ ಕಾಂಪೊನೆಂಟ್ ಒಂದನ್ನು ಪ್ರತ್ಯೇಕ ಪ್ಯಾಕೇಜ್ ಆಗಿ ಬರೆಯುತ್ತಿದ್ದು, ಪ್ರಕಟಿಸುವ ಮುನ್ನ ಅದನ್ನು ವೀಟ್ (Vite, ವೆಬ್ ಆ್ಯಪ್ ಕಟ್ಟಿ ಓಡಿಸುವ ಉಪಕರಣ) ಆಧಾರಿತ ಪರೀಕ್ಷಾ ಆ್ಯಪ್‌ನಲ್ಲಿ ಓಡಿಸಿ ನೋಡುತ್ತಿದ್ದೇನೆ.

ಎನ್‌ಪಿಎಂ ಲಿಂಕ್ (npm link, ಪ್ಯಾಕೇಜಿನ ಫೋಲ್ಡರನ್ನೇ ಆ್ಯಪ್‌ಗೆ ಜೋಡಿಸುವ ಆಜ್ಞೆ) ಬಳಸಿದಾಗ ರಿಯಾಕ್ಟ್‌ನ ಎರಡು ಪ್ರತಿಗಳು ಲೋಡ್ ಆಗಿ ಹುಕ್ (ರಿಯಾಕ್ಟ್‌ನ useState ನಂಥ ಫಂಕ್ಷನ್) ದೋಷ ಬರುತ್ತಿತ್ತು. ಪೀರ್ ಡಿಪೆಂಡೆನ್ಸಿ (ಆ್ಯಪ್‌ನಲ್ಲಿರುವ ರಿಯಾಕ್ಟನ್ನೇ ಬಳಸುವಂತೆ ಹೇಳುವುದು) ಹಾಗೂ ಒಂದೇ ಪ್ರತಿ ಉಳಿಸುವ ವೀಟ್‌ನ ಡಿಡ್ಯೂಪ್‌ನಿಂದ ಅದು ಬಗೆಹರಿಯಿತು.

ಉಳಿದಿರುವುದು ವರ್ಕರ್ ಫೈಲು, ಅಂದರೆ ಪಿಡಿಎಫ್ ಓದುವ ಕೆಲಸವನ್ನು ಹಿನ್ನೆಲೆಯಲ್ಲಿ ಮಾಡುವ ಸ್ಕ್ರಿಪ್ಟ್. ಅದರ ವಿಳಾಸವನ್ನು ಪ್ಯಾಕೇಜಿನೊಳಗೆ ಇಂಪೋರ್ಟ್ ಮೆಟಾ ಯುಆರ್‌ಎಲ್ (import.meta.url, ಆ ಕೋಡ್ ಫೈಲಿನ ಸ್ವಂತ ವಿಳಾಸ) ಆಧರಿಸಿ ಕೊಟ್ಟಿದ್ದೇನೆ. ಲಿಂಕ್ ಮಾಡಿದಾಗ ಫೈಲ್ ಆ್ಯಪ್‌ನ ಮೂಲ ಫೋಲ್ಡರಿನ ಹೊರಗಿರುವುದರಿಂದ ವೀಟ್‌ನ ಡೆವ್ ಸರ್ವರ್ 403 (ಅನುಮತಿ ಇಲ್ಲ) ಎನ್ನುತ್ತದೆ. ಸರ್ವರ್‌ನ ಎಫ್‌ಎಸ್ ಅಲೋ (ಓದಲು ಅನುಮತಿಯಿರುವ ಫೋಲ್ಡರುಗಳ) ಪಟ್ಟಿಗೆ ಆ ಫೋಲ್ಡರನ್ನು ಸೇರಿಸಿದರೆ ವ್ಯೂವರ್ ಸರಿಯಾಗಿ ತೆರೆಯುತ್ತದೆ. ಆದರೆ ಎನ್‌ಪಿಎಂ ಪ್ಯಾಕ್ ಕೊಡುವ ಟಾರ್‌ಬಾಲನ್ನು (ಪ್ರಕಟಿಸುವ ರೂಪದಲ್ಲೇ ಇರುವ ಸಂಕುಚಿತ ಫೈಲು) ಇನ್‌ಸ್ಟಾಲ್ ಮಾಡಿದರೆ, ವೀಟ್ ಪ್ಯಾಕೇಜನ್ನು ಮುಂಚಿತವಾಗಿಯೇ ಬಂಡಲ್ ಮಾಡಿ ತನ್ನ ಕ್ಯಾಶ್ ಫೋಲ್ಡರಿನಲ್ಲಿ ಇಡುವ ಕಾರಣ ಅದೇ ವಿಳಾಸ ತಪ್ಪಿಹೋಗುತ್ತದೆ. ಆಪ್ಟಿಮೈಝ್ ಡೆಪ್ಸ್‌ನ ಎಕ್ಸ್‌ಕ್ಲೂಡ್‌ನಲ್ಲಿ (ಮುಂಚಿತ ಬಂಡಲ್‌ನಿಂದ ಹೊರಗಿಡುವ ವೀಟ್ ಪಟ್ಟಿ) ಪ್ಯಾಕೇಜಿನ ಹೆಸರು ಹಾಕಿದರೆ ಕೆಲಸ ನಡೆಯುತ್ತದೆ ನಿಜ, ಆದರೆ ಬಳಸುವ ಪ್ರತಿಯೊಬ್ಬರಿಂದಲೂ ಅದನ್ನು ಮಾಡಿಸುವುದು ನನಗೆ ಸರಿ ಕಾಣುತ್ತಿಲ್ಲ.

ಲಿಂಕ್ ಮತ್ತು ಟಾರ್‌ಬಾಲ್ ಎರಡರಲ್ಲೂ ಒಂದೇ ಕೋಡ್ ನಡೆಯಬೇಕಾದರೆ, ವರ್ಕರ್ ವಿಳಾಸವನ್ನು ಪ್ರಾಪ್ (ಕಾಂಪೊನೆಂಟ್‌ಗೆ ಕೊಡುವ ಮೌಲ್ಯ) ಮೂಲಕ ಆ್ಯಪ್ ಕಡೆಯಿಂದ ಪಡೆಯುವುದು ಒಳ್ಳೆಯದೇ, ಅಥವಾ ಗಾತ್ರ ಹೆಚ್ಚಿದರೂ ವರ್ಕರನ್ನು ಪ್ಯಾಕೇಜಿನ ಕೋಡಿನೊಳಗೇ ಸೇರಿಸಿ ಇನ್‌ಲೈನ್ ಮಾಡುವುದು ಒಳ್ಳೆಯದೇ?