ಕೆನಡಿ ಹತ್ಯೆ: 5.6 ಸೆಕೆಂಡಿನಾಗ ಮೂರು ಗುಂಡು ಆಗತಾವೇನ್ರಿ?

ಕುಂದಾನಗರಿ:
ಬೆಳಗಾವ್ಯಾಗ ಮುಂದಿನ ವಾರದ ಚರ್ಚಾಕೂಟಕ್ಕ ಇದ ವಿಷಯ. ಹತ್ಯೆ ಮಾಡಿದಾವ ಅಂತ ಹೇಳೂ ಓಸ್ವಾಲ್ಡನ ಬಂದೂಕಿನ ಬೋಲ್ಟ್ ಎಳದು ಮತ್ತ ಹಾರಿಸಾಕ ಕನಿಷ್ಠ 2.3 ಸೆಕೆಂಡ್ ಬೇಕಂತ, ಹತ್ಯೆ ತನಿಖೆ ಮಾಡಿದ ವಾರನ್ ಆಯೋಗನ ಹೇಳೈತಿ. ಮೂರು ಗುಂಡಿಗೆ 6.9 ಆತು. ಆದ್ರ ಎಲ್ಲಾ 5.6ರಾಗ ಮುಗೀತು ಅಂತಾರ. ಹಂಗಾದ್ರ ಇನ್ನೊಬ್ಬ ಇದ್ದ ಅಂತ ವಾದಿಸಬಹುದಲ್ರಿ? ಕೆನಡಿ, ಮುಂದ ಕುಂತಿದ್ದ ಗವರ್ನರ್ ಕಾನಲಿ ಇಬ್ಬರ ಮೈಯಾಗೂ ಹಾದು ಹೋತು ಅನ್ನೂ ಒಂದ ‘ಮಾಯದ ಗುಂಡು’, ಪೊಲೀಸ್ ವೈರ್‌ಲೆಸ್ ರೆಕಾರ್ಡಿನ ನಾಕನೇ ಗುಂಡು, ಇವನ್ನೂ ಹಾಕ್ಲೇನು?

ಗೋಳಗುಮ್ಮಟ:
ಲೆಕ್ಕಾನ ತಪ್ಪೈತ್ರಿ. ಮೊದಲ ಗುಂಡು ಬಂದೂಕಿನ್ಯಾಗ ತಯಾರ ಇರತೈತಿ, ಗಡಿಯಾರ ಸುರು ಆಗೂದು ಅದು ಹಾರಿದ ಮ್ಯಾಲೆ. ಬೋಲ್ಟ್ ಎಳಿಯೂದು ಎರಡ ಸಲ: 4.6 ಸೆಕೆಂಡ್. 5.6 ಅನ್ನೂದೂ ನಡುವಿನ ಗುಂಡು ಗುರಿ ತಪ್ಪಿತು ಅಂತ ಹಿಡಿದ್ರ ಅಷ್ಟ. ಮೊದಲನೇದು ತಪ್ಪಿದ್ರ 7 ಸೆಕೆಂಡ್ ದಾಟತೈತಿ ಅಂತ ಅದ ವರದಿಯೊಳಗ ಐತಿ, ಆ ಸಾಲು ಯಾರೂ ಓದಂಗಿಲ್ಲ. ನೀವ ಲೆಕ್ಕಾ ಹಾಕ್ರಿ: ಅಲ್ಲೇ ನಿಂತು ನೋಡಾಕತ್ತಿದ್ದ ಜಪ್ರೂಡರ್ ಅನ್ನಾವ ತಗದ ಫಿಲ್ಮ್ ಸೆಕೆಂಡಿಗೆ 18.3 ಫ್ರೇಮ್. ತಲೀಗೆ ಬಡದದ್ದು 313ನೇ ಫ್ರೇಮಿನಾಗ. ಮೊದಲ ಗುಂಡು 160ರ ಆಜೂಬಾಜೂ ಅಂದ್ರ ನಡುವ 153 ಫ್ರೇಮ್, ಸುಮಾರು 8.4 ಸೆಕೆಂಡ್.

ಘಟಪ್ರಭಾ:
ಮಾಯದ ಗುಂಡಿನ ಚಿತ್ರ ಬಿಡಿಸಾವ್ರು ಇಬ್ಬರನ್ನೂ ಒಂದ ಎತ್ತರಕ್ಕ, ನೆಟ್ಟಗ ಹಿಂದ-ಮುಂದ ಕುಂದರಸ್ತಾರ. ಗವರ್ನರ್ ಕಾನಲಿ ಕುಂತಿದ್ದು ಮಡಚೂ ಸೀಟಿನ ಮ್ಯಾಲೆ. ಕೆನಡಿಗಿಂತ ಕೆಳಗ, ಬಾಗಲಾ ಬಿಟ್ಟು ಒಳಗ, ಮೈ ಬಲಕ್ಕ ತಿರುವಿ. ಹಂಗ ಕುಂದರಿಸಿ ಗೆರಿ ಎಳೀರಿ, ಗುಂಡು ಗಾಳ್ಯಾಗ ಹೊಳ್ಳೂದ ಬೇಕಾಗಂಗಿಲ್ಲ. ‘ಗುಂಡಿಗೆ ಏನೂ ಆಗಿಲ್ಲ’ ಅನ್ನೂದೂ ಒಂದ ಬಾಜೂಕಿನ ಫೋಟೋ ನೋಡಿ ಹೇಳೂ ಮಾತು. ಬುಡ ಚಪ್ಪಟಿ ಆಗಿ ಸೀಸ ಹೊರಗ ಬಂದೈತಿ. ತೂಕ 158.6 ಗ್ರೇನ್, ಹೊಸಾದು 160-161 ಇರತೈತಿ.

ವಾದ ಮಾಡೂದ ಇದ್ರ ಇದನ್ನ ಹಿಡೀರಿ: ಈ ಗುಂಡು ಸಿಕ್ಕಿದ್ದು ಇಬ್ಬರನ್ನೂ ಒಯ್ದ ಪಾರ್ಕ್‌ಲ್ಯಾಂಡ್ ಆಸ್ಪತ್ರ್ಯಾಗ, ಸ್ಟ್ರೆಚರ್ ಹತ್ರ. ಅದನ್ನ ಮೊದಲ ಕಂಡಾವ್ರು ಆಮ್ಯಾಲೆ ‘ಇದ ಅದು’ ಅಂತ ಖಾತ್ರಿ ಹೇಳಲಿಲ್ಲ. ಪಂಚನಾಮೆ ಬಲ್ಲ ವಕೀಲರಿಗೆ ಇಷ್ಟ ಸಾಕು.

ಗೋಳಗುಮ್ಮಟ:
ರೆಕಾರ್ಡ್ ಮಾತ್ರ ಮುಟ್ಟಬ್ಯಾಡ್ರಿ. ಕಾರಿನ ಮುಂದ ಬಲಕ್ಕಿದ್ದ ಹುಲ್ಲಿನ ದಿಬ್ಬದಿಂದ ಒಂದು ಗುಂಡು, ಶೇ. 95 ಸಂಭವ, ಅಂತ 1979ರಾಗ ಅಮೆರಿಕಾ ಸಂಸತ್ತಿನ ಸಮಿತಿಗೆ ಅನಿಸಿದ್ದು ಅದರ ಮ್ಯಾಲೆನ. ಮುಂದ ಒಬ್ಬ ಡ್ರಮ್ ಬಾರಿಸಾವ ಪತ್ರಿಕೆ ಜೋಡಿ ಬಂದ, ಅದ ವೈರ್‌ಲೆಸ್ ಸಪ್ಪಳ ಇದ್ದ ಪ್ಲಾಸ್ಟಿಕ್ ರೆಕಾರ್ಡ್ ತಿರುತಿರುಗಿ ಕೇಳಿ, ‘ಗುಂಡಿನ ಸಪ್ಪಳ’ ಅಂದಲ್ಲೇ ಶೆರೀಫನ ಮಾತು ಸಣ್ಣಗ ಕೇಳತೈತಿ ಅಂತ ಹಿಡದ. ಆ ಮಾತು ಆಡಿದ್ದು ಹತ್ಯೆ ಆಗಿ ಸುಮಾರು ಒಂದು ನಿಮಿಷಕ್ಕ! 1982ರಾಗ ಅಮೆರಿಕಾದ ವಿಜ್ಞಾನಿಗಳ ನ್ಯಾಷನಲ್ ಅಕಾಡೆಮಿ ತಂಡ ಅದನ್ನ ಎತ್ತಿ ಹಿಡೀತು. 2001ರಾಗ ಮತ್ತೊಬ್ಬರು ತಕರಾರು ತಗದ್ರು, ಅಕಾಡೆಮಿಯಾವ್ರು 2005ರಾಗ ಉತ್ತರಾ ಕೊಟ್ರು.

ದಿಬ್ಬದ ಕಡೆ ಸಪ್ಪಳ ಕೇಳಿದೆ ಅನ್ನಾವ್ರನ್ನೂ ಹುಷಾರಿಲೆ ತಗೋರಿ. ಗುಂಡು ಸಪ್ಪಳಕ್ಕಿಂತ ಜೋರ ಹೋಗೂದು, ಸುತ್ತ ಕಟ್ಟಡ. ವಿಜಯಪುರದ ಗುಮ್ಮಟದಾಗ ಕಣ್ಣು ಮುಚ್ಚಿ ನಿಂತು, ಚಪ್ಪಾಳಿ ಯಾವ ಕಡಿಂದ ಬಂತು ಹೇಳ್ರಿ ನೋಡೂಣು.

ಕುಂದಾನಗರಿ:
6.9 ಕಿತ್ತೊಗದೆ. ಸ್ಟ್ರೆಚರ್ ಒಂದ ಇಟ್ಟಕೊಂತೀನ್ರಿ.