ಟ್ರ್ಯಾಕ್ ಡೇಗೆ ಇವಿ: ಎಷ್ಟು ಲ್ಯಾಪ್ ಒತ್ತಬಹುದು, ಮೊದಲು ಕೈ ಕೊಡೋದು ಯಾವುದು?

ಎಪೆಕ್ಸ್‌ಪ್ರಿಯ:
ಚೆನ್ನೈ ಹತ್ರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ (ಲ್ಯಾಪ್ 3.717 ಕಿ.ಮೀ.) ಟ್ರ್ಯಾಕ್ ಡೇಗೆ, ಅಂದ್ರೆ ಸ್ವಂತ ಕಾರನ್ನ ರೇಸ್ ಟ್ರ್ಯಾಕ್‌ನಲ್ಲಿ ಓಡಿಸೋ ದಿನಕ್ಕೆ, ನನ್ನ ಎಲೆಕ್ಟ್ರಿಕ್ ಕಾರು ಬಿವೈಡಿ ಸೀಲ್ ಪರ್ಫಾರ್ಮೆನ್ಸ್ ತಗೊಂಡು ಹೋಗೋ ಯೋಚನೆ. 82.56 ಯೂನಿಟ್ ಬ್ಯಾಟರಿ, 530 ಪಿಎಸ್, 2,185 ಕೆ.ಜಿ. ಕಾರು ಪೂರ್ತಿ ಸ್ಟಾಕ್, ಕಂಪನಿಯಿಂದ ಬಂದ ಹಾಗೇ ಇದೆ. ಬೆಂಗಳೂರಿಂದ ಓಡಿಸ್ಕೊಂಡು ಹೋಗಿ ಅದರಲ್ಲೇ ವಾಪಸ್ ಬರಬೇಕು. ಏನೇನು ಬದಲಾಯಿಸಬೇಕು? ಒಂದು ಸೆಷನ್‌ಗೆ ಎಷ್ಟು ಲ್ಯಾಪ್?

ಬ್ರೇಕ್‌ಬ್ಲೀಡ್:
ಮೋಟಾರ್ ಚಿಂತೆ ಬಿಡಿ, ಮೊದಲು ಕೈ ಕೊಡೋದು ಬ್ರೇಕ್. ಲೆಕ್ಕ ನೋಡಿ: ನೀವು ಸೇರಿ ಸುಮಾರು 2,265 ಕೆ.ಜಿ. ಕಾರನ್ನ 180ರಿಂದ 72 ಕಿ.ಮೀ.ಗೆ ಇಳಿಸಿದರೆ ಹತ್ತಿರ ಹತ್ತಿರ 2.4 ಮೆಗಾಜೌಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 1,380 ಕೆ.ಜಿ.ಯ ಹ್ಯಾಚ್‌ಬ್ಯಾಕ್ ಅದೇ ಜಾಗಕ್ಕೆ 150ರಲ್ಲಿ ಬಂದು 72ಕ್ಕೆ ಇಳಿದರೆ 0.9. ರೀಜೆನ್ (ಮೋಟಾರೇ ವೇಗ ಇಳಿಸಿ ಆ ಶಕ್ತೀನ ಬ್ಯಾಟರಿಗೆ ವಾಪಸ್ ತುಂಬೋದು) ಒಂದಷ್ಟು ಹಂಚಿಕೊಳ್ಳುತ್ತೆ, ಆದ್ರೆ ಜೋರಾಗಿ ಪೆಡಲ್ ಒತ್ತಿದಾಗ ಹೆಚ್ಚಿನ ಪಾಲು ಬ್ರೇಕ್ ಡಿಸ್ಕ್‌ಗೇ.

ಹಾಗಾಗಿ ಮೊದಲ ಖರ್ಚು ಬ್ರೇಕ್ ಫ್ಲೂಯಿಡ್. ಮಾಮೂಲಿ ದರ್ಜೆಯ ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯದೆ ತಡೀಬೇಕು, ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಪೆಡಲ್ ಸೀದಾ ನೆಲಕ್ಕೆ. 300 ಡಿಗ್ರಿ ದಾಟೋ ರೇಸಿಂಗ್ ಫ್ಲೂಯಿಡ್ ಹಾಕಿಸಿ. ಬ್ರೇಕ್-ಬೈ-ವೈರ್ (ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸೋ ಬ್ರೇಕ್) ಇರೋ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡ್‌ನಲ್ಲೇ ಬ್ಲೀಡ್ ಮಾಡಬೇಕಾಗಬಹುದು (ಹಳೇ ಫ್ಲೂಯಿಡ್, ಗಾಳಿ ಹೊರಗೆ ತೆಗೆಯೋದು), ಮನೆ ಮುಂದೆ ಕೈಗೆ ಸಿಕ್ಕ ಸ್ಪ್ಯಾನರ್ ಹಿಡಿದು ಶುರು ಮಾಡ್ಬೇಡಿ. ಆಮೇಲೆ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್. ಬಜೆಟ್ ಉಳಿದ್ರೆ ಹಿಂದಿನದು.

ಒಂದು ಸೆಷನ್‌ಗೆ ಔಟ್ ಲ್ಯಾಪ್ (ಪಿಟ್‌ನಿಂದ ಹೊರಟ ಮೊದಲ ಸುತ್ತು), ಒತ್ತಿ ಓಡಿಸೋ ಮೂರು ಬಿಸಿ ಲ್ಯಾಪ್, ನಿಧಾನಕ್ಕೆ ಓಡಿಸಿ ತಂಪು ಮಾಡೋ ಒಂದು ತಣ್ಣಗಿನ ಲ್ಯಾಪ್. ಅಷ್ಟೇ. ಪಿಟ್‌ಗೆ ಬಂದು P ಒತ್ತಿದ್ರೆ ಪಾರ್ಕಿಂಗ್ ಬ್ರೇಕ್ ಬಿಸಿ ಡಿಸ್ಕನ್ನ ಕಚ್ಚಿಕೊಳ್ಳುತ್ತೆ. N ಹಾಕಿ, ಚಕ್ರಕ್ಕೆ ಅಡ್ಡ ಕೊಡಿ.

ಎಪೆಕ್ಸ್‌ಪ್ರಿಯ:
ಥ್ಯಾಂಕ್ಸ್ ಸರ್. ಚಾರ್ಜ್ 100% ಮಾಡ್ಕೊಂಡೇ ಇಳಿಯೋದಾ?

ವೋಲ್ಟ್‌ಮಾವ:
ಬೇಡ. ತುಂಬಿದ ಬ್ಯಾಟರಿಗೆ ರೀಜೆನ್ ತಗೊಳ್ಳೋಕೆ ಜಾಗ ಇರಲ್ಲ, ಪೂರ್ತಿ ಭಾರ ಡಿಸ್ಕ್ ಮೇಲೆ ಬೀಳುತ್ತೆ. 80–85ರಲ್ಲಿ ಶುರು ಮಾಡಿ, 30ರ ಹತ್ರ ನಿಲ್ಲಿಸಿ. ಅದಕ್ಕಿಂತ ಕೆಳಗೆ ವೋಲ್ಟೇಜ್ ಕುಸಿದು ಪವರ್ ಕಮ್ಮಿಯಾಗುತ್ತೆ. ಒತ್ತಿ ಓಡಿಸಿದ್ರೆ ಲ್ಯಾಪ್‌ಗೆ ಅಂದಾಜು 3 ಯೂನಿಟ್ ಹಿಡೀರಿ. 80ರಿಂದ 30 ಅಂದ್ರೆ 41 ಯೂನಿಟ್, ಹದಿಮೂರು ಲ್ಯಾಪ್.

ಆದ್ರೆ ಹದಿಮೂರೂ ಒಟ್ಟಿಗೆ ಹೊಡೆಯೋಕಾಗಲ್ಲ. ಕರೆಂಟ್ ಎರಡರಷ್ಟಾದ್ರೆ ಸೆಲ್ ಒಳಗಿನ ಬಿಸಿ ನಾಲ್ಕರಷ್ಟು. ಬ್ಯಾಟರಿ ಕಾದರೆ ಸಾಫ್ಟ್‌ವೇರೇ ಪವರ್ ಕಡಿತ ಮಾಡುತ್ತೆ. ಸೀಲ್‌ನಲ್ಲಿ ಬ್ಯಾಟರಿ ತಂಪಾಗೋದು ನೇರ ಎಸಿ ಗ್ಯಾಸ್‌ನಿಂದ, ಹಾಗಾಗಿ ಸೆಷನ್‌ನಲ್ಲಿ ಕ್ಯಾಬಿನ್ ಎಸಿ ಆಫ್ ಇರಲಿ, ಬೆವರಿದ್ರೂ ಪರವಾಗಿಲ್ಲ. ಪಿಟ್‌ನಲ್ಲಿ ಕಾರನ್ನ ಆಫ್ ಮಾಡದೆ ರೆಡಿಯಲ್ಲೇ ಬಿಡಿ, ಕಂಪ್ರೆಸರ್ ಓಡ್ತಿರಲಿ. ಬಾನೆಟ್ ಎತ್ತಿಡೋ ಹಳೇ ಚಾಳಿಯಿಂದ ಬ್ಯಾಟರಿಗೇನೂ ಲಾಭ ಇಲ್ಲ, ಕಾದಿರೋದು ನಿಮ್ಮ ಕಾಲಡಿ.

ದಾರಿಯಲ್ಲಿ ಫಾಸ್ಟ್ ಚಾರ್ಜ್ ಮಾಡಿದ್ರೆ ಟ್ರ್ಯಾಕ್‌ಗಿಂತ ಒಂದು ಗಂಟೆ ಮುಂಚೆ ಮುಗಿಸಿ, ಚಾರ್ಜಿಂಗೂ ಬ್ಯಾಟರಿ ಕಾಯಿಸುತ್ತೆ. ಅಲ್ಲಿ 15 ಆಂಪ್ ಸಾಕೆಟ್ ಸಿಕ್ಕರೂ ಮೂರು ಗಂಟೆಗೆ ಹತ್ತು ಯೂನಿಟ್, ಅಂದ್ರೆ ಮೂರೇ ಲ್ಯಾಪ್.

ಹೀಲ್‌ಅಂಡ್‌ಟೋ:
ಗೇರ್ ಇಲ್ಲ, ಸದ್ದಿಲ್ಲ, ಎರಡು ಟನ್ ಮೇಲೆ ತೂಕ. ಈ ಬಿಸಿ-ತಣ್ಣಗಿನ ತಾಪತ್ರಯಕ್ಕೆ ಹಳೇ ಹ್ಯಾಚ್‌ಬ್ಯಾಕೇ ವಾಸಿ. ಹ್ಯುಂಡೈ ಅಯಾನಿಕ್ 5 ಎನ್‌ಗೆ ಸುಳ್ಳು ಗೇರ್, ಸುಳ್ಳು ಸದ್ದು ಕೊಟ್ಟಿದ್ದೇ ಈ ಕೊರತೆಗೆ ಸಾಕ್ಷಿ.

ಬ್ರೇಕ್‌ಬ್ಲೀಡ್:
ಅದೇ ಕಾರಲ್ಲಿ ಸೆಷನ್‌ಗೆ ಮುಂಚೆ ಬ್ಯಾಟರಿ ಹದ ಮಾಡೋ ಮೋಡೂ ಇದೆ, ರೀಜೆನ್ 0.6 ಜಿ (ಗುರುತ್ವದ 0.6ರಷ್ಟು) ತನಕ ವೇಗ ಇಳಿಸುತ್ತೆ, ಮುಂದೆ 400 ಮಿ.ಮೀ. ಡಿಸ್ಕ್. ಬರೀ ಸದ್ದು ಅಲ್ಲ ಗುರು. ಗೇರ್ ಗಲಾಟೆ ಇಲ್ಲದ್ದರಿಂದ ಲೈನ್ ಕಡೆ (ತಿರುವಿನಲ್ಲಿ ಕಾರು ಹಿಡಿಯೋ ದಾರಿ) ಪೂರ್ತಿ ಗಮನ ಕೊಡಬಹುದು, ಟೈರ್ ಕಿರುಗುಟ್ಟೋದು ಸ್ಪಷ್ಟವಾಗಿ ಕೇಳುತ್ತೆ. ತೂಕದ ಮಾತು ಒಪ್ತೀನಿ, ಟೈರ್ ಅಂಗಡಿ ಬಿಲ್ ನೋಡಿದ್ರೆ ಯಾರಾದ್ರೂ ಒಪ್ಪಲೇಬೇಕು.

ಎಪೆಕ್ಸ್‌ಪ್ರಿಯ, ಟೈರ್ ಗಾಳಿ ಬಗ್ಗೆ: ಪ್ರತಿ ಸೆಷನ್ ಮುಗಿದ ತಕ್ಷಣ ಬಿಸಿ ಇರುವಾಗಲೇ ಅಳೆದು ಏರಿದಷ್ಟನ್ನ ಇಳಿಸಿ, ಆದ್ರೆ ತೀರಾ ಕಮ್ಮಿ ಬೇಡ, ಈ ತೂಕಕ್ಕೆ ಮುಂದಿನ ಟೈರ್‌ಗಳ ಹೊರ ಅಂಚು ಮಡಚಿ ಸವೆಯುತ್ತೆ. ಮನೆಗೆ ಹೊರಡೋ ಮುಂಚೆ ತಣ್ಣಗಾದ ಟೈರ್‌ಗೆ ಮತ್ತೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿ. ವೀಲ್ ನಟ್‌ಗಳನ್ನೂ ಟಾರ್ಕ್ ರೆಂಚ್‌ನಲ್ಲಿ ನೋಡ್ಕೊಳ್ಳಿ. ಇನ್ನೊಂದು: ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಮಾಮೂಲಿ ಇನ್ಶೂರೆನ್ಸ್ ಅನ್ವಯಿಸಲ್ಲ, ಪಾಲಿಸಿ ಓದಿ. ಆಯೋಜಕರು ಇವಿ ಬಿಡ್ತಾರಾ ಅಂತ ದುಡ್ಡು ಕಟ್ಟೋ ಮೊದಲೇ ಕೇಳಿ.